ಅಜ್ಜನ ಮೆಡಲ್‌ಗಳಿಗೆ ಹೊಸ ಫ್ರೇಮ್: ಮಡಿಕೇರಿಯ ಒಂದು ಅಂಗಡಿಯ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಬಹಳ ಚೆನ್ನಾಗಿದೆ, ಆದರೆ ಹೇಳಿದ ದಿನಕ್ಕೆ ಕೈಗೆ ಬರುವುದಿಲ್ಲ. ಹತ್ತು ದಿನ ಅಂದವರು ಐದು ವಾರ ಮಾಡಿದರು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಪಕ್ಕ ಮೆಡಲ್ ಇಟ್ಟು ಪೂಜೆ ಮಾಡಬೇಕು ಅಂತ ಜುಲೈ ಕೊನೆಗೇ ಕೊಟ್ಟಿದ್ದೆ. ಸಿಕ್ಕಿದ್ದು ಹಬ್ಬದ ಹಿಂದಿನ ಸಂಜೆ.

ಅಂಗಡಿಯ ಹೆಸರು ಬರೆಯಬೇಡಿ ಅಂದಿದ್ದಾರೆ, ಆರ್ಡರ್ ಜಾಸ್ತಿಯಾದರೆ ಒಬ್ಬರ ಕೈಯಲ್ಲಿ ಆಗಲ್ಲವಂತೆ. ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ಇಳಿಜಾರಿನ ಓಣಿಯಲ್ಲಿದೆ, ಅಷ್ಟು ಸಾಕು. ಹೊರಗೆ ನೋಡಿದರೆ ಹಾಕಿ ಟೂರ್ನಮೆಂಟಿನ ಟ್ರೋಫಿ, ನೇಮ್ ಪ್ಲೇಟ್, ದೇವರ ಫೋಟೋಗೆ ಫ್ರೇಮ್, ಇಷ್ಟೇ. ಮಾಲೀಕರು ಸೇನೆಯಿಂದ ನಿವೃತ್ತರಾದವರು. ಮೆಡಲ್ ಕೆಲಸ ಒಳಗಿನ ಮೇಜಿನ ಮೇಲೆ ನಡೆಯುತ್ತದೆ.

ನಮ್ಮ ಅಜ್ಜ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಎರಡನೇ ಮಹಾಯುದ್ಧದಲ್ಲಿ ನಾಲ್ಕನೇ ಇಂಡಿಯನ್ ಡಿವಿಷನ್ ಜೊತೆ ಉತ್ತರ ಆಫ್ರಿಕಾ, ಆಮೇಲೆ ಇಟಲಿ. ಒಟ್ಟು ಐದು ಮೆಡಲ್. ಇಪ್ಪತ್ತು ವರ್ಷದ ಹಿಂದೆ ಅಪ್ಪ ಬೇರೆ ಕಡೆ ಫ್ರೇಮ್ ಹಾಕಿಸಿದ್ದರು. ಆ ಪುಣ್ಯಾತ್ಮರು ಹಿತ್ತಾಳೆ ಚೊಂಬು ತಿಕ್ಕುವ ಹಾಗೆ ಪಾಲಿಷ್ ತಿಕ್ಕಿ, ಕಿರೀಟದ ಗೆರೆಗಳನ್ನು ಸವೆಸಿ, ಐದನ್ನೂ ಪ್ಲೈವುಡ್ಡಿಗೆ ಗಮ್ ಹಾಕಿ ಅಂಟಿಸಿಬಿಟ್ಟಿದ್ದರು. ಮೇಲೆ ನಮ್ಮ ಮಳೆಗಾಲ ಬೇರೆ. ರಿಬ್ಬನ್ ಪೂರ್ತಿ ಬೂಷ್ಟು ಹಿಡಿದು, ಯಾವ ಬಣ್ಣ ಎಲ್ಲಿತ್ತು ಅಂತಲೇ ತಿಳಿಯುತ್ತಿರಲಿಲ್ಲ.

ಇವರು ಮಾಡಿದ್ದನ್ನು ನಾನು ನಿಂತು ನೋಡಿದೆ. ಹೇರ್ ಡ್ರೈಯರ್‌ನಲ್ಲಿ ಗಮ್ಮನ್ನು ಸ್ವಲ್ಪ ಸ್ವಲ್ಪವೇ ಬಿಸಿ ಮಾಡುತ್ತಾ, ಗಾಳಕ್ಕೆ ಕಟ್ಟುವ ತಂಗೂಸಿಯನ್ನು ಮೆಡಲಿನ ಹಿಂದೆ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಎಳೆದು ಬಿಡಿಸಿದರು. ಒಂದಕ್ಕೆ ಇಪ್ಪತ್ತು ನಿಮಿಷ. ಮೊದಲು ಬಂದದ್ದು ಆಫ್ರಿಕಾ ಸ್ಟಾರ್, ಉತ್ತರ ಆಫ್ರಿಕಾದ ಯುದ್ಧದಲ್ಲಿದ್ದವರಿಗೆ ಕೊಟ್ಟ ನಕ್ಷತ್ರದಾಕಾರದ ಮೆಡಲ್. ತಿರುಗಿಸಿ, ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ, ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಹಿಂದೆ ನಂಬರ್, ದರ್ಜೆ, ಅಜ್ಜನ ಹೆಸರು ಒತ್ತಿದೆ! ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ತಪ್ಪು, ಆದರೂ ಅಜ್ಜನದೇ. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಟ್ರಂಕಿನಲ್ಲಿದ್ದಾಗ ಯಾರೂ ತಿರುಗಿಸಿ ನೋಡಿಲ್ಲ, ಆಮೇಲೆ ಗಮ್ ಕೆಳಗೆ ಹೋಯಿತು.

ಮುಂದಿನದು ಜಗಳ, ಫ್ರೇಮಿನಲ್ಲಿ ಯಾವ ಮೆಡಲ್ ಮೊದಲು ಅಂತ. ಇಂಡಿಯಾ ಸರ್ವಿಸ್ ಮೆಡಲ್ ನಮ್ಮ ದೇಶದ್ದು, ಅದು ಮೊದಲು ಬರಬೇಕು ಅಂತ ನಾನು. ಅದು ಕೊನೆಗೆ ಅಂತ ಅವರು. ವಾದ ಮಾಡುವ ಬದಲು ಡ್ರಾಯರಿನಿಂದ ಲ್ಯಾಮಿನೇಷನ್ ಮಾಡಿದ ಒಂದು ಫೋಟೋ ತೆಗೆದರು. ಟಾಮ್ ಡೆರಿಕ್ ಅನ್ನುವ ಆಸ್ಟ್ರೇಲಿಯಾದ ಸೈನಿಕನ ಮೆಡಲ್ ಸಾಲು. ಮೊದಲು ಶೌರ್ಯಕ್ಕೆ ಕೊಡುವ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್, ಆಮೇಲೆ ಇನ್ನೊಂದು ಶೌರ್ಯ ಪದಕ ಡಿಸ್ಟಿಂಗ್ವಿಷ್ಡ್ ಕಂಡಕ್ಟ್ ಮೆಡಲ್, ನಂತರ ಸ್ಟಾರ್‌ಗಳು. ಅವನ ದೇಶದ ಆಸ್ಟ್ರೇಲಿಯಾ ಸರ್ವಿಸ್ ಮೆಡಲ್ ಕಟ್ಟಕಡೆಗೆ. ನಾನು ಬಾಯಿ ಮುಚ್ಚಿದೆ. ಹೊರಗೆ ಮಳೆ ಬಿಡುವ ಹಾಗಿರಲಿಲ್ಲ, ಹಾಗಾಗಿ ಕಾಫಿ ತರಿಸಿ ಡೆರಿಕ್ ಕತೆ ಶುರು ಮಾಡಿದರು. ಮನೆಗೆ ಬಂದು ನಾನೂ ಕೂತು ಓದಿದೆ.

1914ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಬೇಕರಿ ಕೆಲಸ. ಅದೂ ಹೋದ ಮೇಲೆ ಸೈಕಲ್ ತುಳಿದು ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಬೆರಿ ಅನ್ನುವ ಊರಿಗೆ ಹೋಗಿ ಹಣ್ಣು ಕೊಯ್ಯುವ, ದ್ರಾಕ್ಷಿ ತೋಟದ ಕೆಲಸ. ನಮ್ಮಲ್ಲಿ ಕಾಫಿ ಕುಯ್ಲಿಗೆ ಬರುವವರ ಹಾಗೇ, ಅಲ್ವಾ? 1940ರಲ್ಲಿ ಸೇನೆ ಸೇರಿ 2/48ನೇ ಬೆಟಾಲಿಯನ್. ಲಿಬಿಯಾದ ಟೋಬ್ರುಕ್ ಮುತ್ತಿಗೆಯಲ್ಲಿದ್ದ. 1942ರ ಜುಲೈಯಲ್ಲಿ ಈಜಿಪ್ಟಿನ ತೆಲ್ ಎಲ್ ಈಸಾದಲ್ಲಿ ಮೂರು ಮೆಷಿನ್ ಗನ್ ನೆಲೆಗಳ ಮೇಲೆ ನುಗ್ಗಿ ನೂರಕ್ಕೂ ಜಾಸ್ತಿ ಜನರನ್ನು ಸೆರೆ ಹಿಡಿದದ್ದಕ್ಕೆ ಸಾಲಿನಲ್ಲಿ ಎರಡನೆಯದಾದ ಆ ಕಂಡಕ್ಟ್ ಮೆಡಲ್. ಆ ಅಕ್ಟೋಬರಿನಲ್ಲಿ ಅಲ್ಲೇ ಹತ್ತಿರ ಅಲಮೀನ್ ಯುದ್ಧ. ಡೆರಿಕ್‌ನ ಡಿವಿಷನ್ ಸಮುದ್ರದ ಕಡೆ, ಅಜ್ಜನ ಡಿವಿಷನ್ ದಕ್ಷಿಣಕ್ಕೆ ರುವೈಸಾತ್ ದಿಬ್ಬದಲ್ಲಿ. ಇಬ್ಬರಿಗೂ ಅದೇ ಆಫ್ರಿಕಾ ಸ್ಟಾರ್, ಅದೇ ಮರಳು ಬಣ್ಣದ ರಿಬ್ಬನ್.

ವಿಕ್ಟೋರಿಯಾ ಕ್ರಾಸ್ ಬಂದದ್ದು ನ್ಯೂಗಿನಿಯ ಸಾಟೆಲ್‌ಬರ್ಗ್‌ನಲ್ಲಿ, 1943ರ ನವೆಂಬರ್ 24. ಕಾಡು, ಮೇಲೆ ಕಡಿದಾದ ಬೆಟ್ಟ, ತುದಿಯಲ್ಲಿ ಜಪಾನಿಯರು. ಕತ್ತಲಾಗುತ್ತಾ ಬಂತು, ಹಿಂದೆ ಬನ್ನಿ ಅಂತ ಮೇಲಿನವರ ಆದೇಶ. ಇವನು ಇನ್ನೊಂದೇ ಸಲ ನೋಡುತ್ತೇನೆ ಅಂತ ಒಪ್ಪಿಸಿಕೊಂಡು, ಒಂದು ಕೈಯಲ್ಲಿ ಕಡಿದಾದ ಮಣ್ಣಿನ ಬರೆ ಹಿಡಿದು ಹತ್ತುತ್ತಾ ಇನ್ನೊಂದು ಕೈಯಲ್ಲಿ ಗ್ರೆನೇಡ್ ಎಸೆದಿದ್ದಾನೆ. ಮಳೆಗಾಲದಲ್ಲಿ ತೋಟದ ಬರೆ ಹತ್ತಿ ಜಾರಿದವರಿಗೆ ಗೊತ್ತು, ಎರಡೂ ಕೈ ಇದ್ದರೂ ಸಾಲಲ್ಲ. ಒಟ್ಟು ಹತ್ತು ನೆಲೆ ಹೋಯಿತು. ಆ ರಾತ್ರಿ ಜಪಾನಿಯರು ಜಾಗ ಖಾಲಿ ಮಾಡಿದರು, ಬೆಳಿಗ್ಗೆ ಬಾವುಟ ಏರಿಸಿದವನೂ ಇವನೇ. ಇಂಥ ಮನುಷ್ಯ ಬಿಡುವಿದ್ದಾಗ ಚಿಟ್ಟೆ ಹಿಡಿದು ಸಂಗ್ರಹಿಸುತ್ತಿದ್ದ, ಡೈರಿ ಬರೆಯುತ್ತಿದ್ದ. ಆಮೇಲೆ ಲೆಫ್ಟಿನೆಂಟ್ ಆದ. 1945ರ ಮೇ 24ರಂದು ಬೋರ್ನಿಯೋ ಹತ್ತಿರದ ತಾರಕನ್ ದ್ವೀಪದಲ್ಲಿ, ಗುಂಡೇಟು ತಿಂದ ಮರುದಿನ, ತೀರಿಕೊಂಡ. 31 ವರ್ಷ. ಇನ್ನು ಮೂರು ತಿಂಗಳು ಇದ್ದಿದ್ದರೆ ಯುದ್ಧವೇ ಮುಗಿದಿತ್ತು.

ಡೆರಿಕ್ ಕತೆಯಿಂದ ಅಂಗಡಿಯವರ ಮಾತು ಮತ್ತೆ ಮೆಡಲಿನ ಹಿಂಭಾಗದ ವಿಷಯಕ್ಕೆ ಬಂತು. ಬ್ರಿಟನ್ ಆ ಯುದ್ಧದ ಸ್ಟಾರ್‌ಗಳಿಗೆ ತನ್ನ ಸೈನಿಕರ ಹೆಸರು ಒತ್ತಿಸಲಿಲ್ಲ. ಭಾರತ, ದಕ್ಷಿಣ ಆಫ್ರಿಕಾ ಒತ್ತಿಸಿದವು. ಆಸ್ಟ್ರೇಲಿಯಾದಲ್ಲಿ ಮಾಜಿ ಸೈನಿಕರ ಸಂಘಗಳು ಹಟ ಹಿಡಿದ ಮೇಲೆ ಅಲ್ಲೂ ಒತ್ತಿದರು. ಅದಕ್ಕೇ ಇವರು ಗಮ್ ಹಾಕುವುದೇ ಇಲ್ಲ. ದಾರದಲ್ಲಿ ಹೊಲಿದು, ಫ್ರೇಮಿನ ಹಿಂದೆ ಒಂದು ಚಿಕ್ಕ ಬಾಗಿಲು ಇಟ್ಟುಕೊಡುತ್ತಾರೆ, ತೆಗೆದರೆ ಐದರ ಬೆನ್ನೂ ಕಾಣುತ್ತದೆ. ಒಳಗೆ ಥಂಡಿ ಹೀರುವ ಸಿಲಿಕಾ ಪುಟ್ಟ ಚೀಲ, ವರ್ಷಕ್ಕೊಮ್ಮೆ ಬದಲಿಸಬೇಕು. ಹಿಂದೆ ಹೊಳಪಿಗೆ ತಿಕ್ಕಿಸಿದ್ದು ನಮ್ಮದೇ ತಪ್ಪು, ಇವರು ಪಾಲಿಷ್ ಮುಟ್ಟಲೂ ಇಲ್ಲ.

ರಿಬ್ಬನ್, ಸಾಗುವಾನಿ ಫ್ರೇಮ್, ಗಾಜು ಎಲ್ಲ ಸೇರಿ 3,200 ರೂಪಾಯಿ. ಕೊಡಬಹುದು. ಬೇಸರ ಎರಡು. ಇಟಲಿ ಸ್ಟಾರಿನ ಹೊಸ ರಿಬ್ಬನ್‌ನ ಹಸಿರು ಸ್ವಲ್ಪ ಗಿಳಿ ಹಸಿರಾಗಿದೆ. ಮತ್ತೆ ನೇತುಹಾಕುವ ಕೊಂಡಿ ತೀರಾ ಸಣ್ಣದು, ಗಾಜಿನ ಭಾರಕ್ಕೆ ನನಗೆ ಧೈರ್ಯ ಸಾಲದೆ, ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಗೋಡೆಗೆ ಹಾಕದೆ ಕಪಾಟಿನ ಮೇಲೆ ನಿಲ್ಲಿಸಿದ್ದೇನೆ.

ಹೋಗುವ ಮುಂಚೆ ಫೋನ್ ಮಾಡಿ, ಕರೆಂಟ್ ಇಲ್ಲದ ದಿನ ಹೇರ್ ಡ್ರೈಯರ್ ಓಡಲ್ಲ ಅಂತ ಬಾಗಿಲೇ ತೆಗೆಯುವುದಿಲ್ಲ. ಅಪ್ಪ ಈಗ ಮನೆಗೆ ಬಂದವರಿಗೆಲ್ಲ ಮುಂದಿನ ಗಾಜು ಬಿಟ್ಟು ಹಿಂದಿನ ಬಾಗಿಲನ್ನೇ ತೆಗೆದು ತೋರಿಸುತ್ತಾರೆ, ಆ ತಪ್ಪು ಅಕ್ಷರದ ಮೇಲೆ ಬೆರಳಿಟ್ಟು.