ಟ್ರ್ಯಾಕ್ಷನ್ ಕಂಟ್ರೋಲ್ ಸಾಕೆ, ಇಎಸ್‌ಸಿ ಬೇಕೆ? ಮೂರು ಕಾರುಗಳ ಹೋಲಿಕೆ

ಬೆಂಗಳೂರಿನಲ್ಲಿ ಹೊಸ ಕಾರು ಕೊಳ್ಳಲು ಹೊರಟವರಿಗೆ ಷೋರೂಮಿನಲ್ಲಿ ಸನ್‌ರೂಫ್ ಮತ್ತು ಟಚ್‌ಸ್ಕ್ರೀನಿನ ಬಗ್ಗೆ ಸಿಗುವಷ್ಟು ವಿವರಣೆ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ, ಬಗ್ಗೆ ಸಿಗುವುದಿಲ್ಲ. ಸಿಕ್ಕರೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಮನೆಯವರ ಬಳಿ ಮೂರು ಬಗೆಯ ಕಾರುಗಳಿದ್ದುದರಿಂದ ಇವೆರಡರ ವ್ಯತ್ಯಾಸವನ್ನು ಓಡಿಸಿಯೇ ನೋಡುವ ಅವಕಾಶ ನನಗೆ ಒದಗಿತು. ಈ ಊರಿನ ಒಳಗೂ ಸುತ್ತಲೂ ಓಡಾಡುವವರು ಯಾವುದಕ್ಕೆ ಹಣ ಕೊಡುವುದು ಸರಿ ಎಂಬುದೇ ಈ ಹೋಲಿಕೆಯ ಉದ್ದೇಶ.

ಮೊದಲನೆಯದು ಚಿಕ್ಕಪ್ಪನವರ ಹಳೆಯ ಹ್ಯಾಚ್‌ಬ್ಯಾಕ್. ಅದರಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕು ಒತ್ತಿದಾಗ ಚಕ್ರಗಳು ತಿರುಗದೆ ಕಚ್ಚಿಕೊಳ್ಳುವುದನ್ನು ತಡೆಯುವ ವ್ಯವಸ್ಥೆ, ಬಿಟ್ಟರೆ ಬೇರೇನೂ ಇಲ್ಲ. ಎರಡನೆಯದು ನಾನು ದಿನವೂ ಓಡಿಸುವ ಸೆಡಾನ್. ಮುಂಚಕ್ರ ಚಾಲನೆಯ ಈ ಕಾರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಸಿ ಎರಡೂ ಇವೆ. ಮೂರನೆಯದು ಕನಕಪುರದ ಕಡೆ ತೋಟ ಮಾಡಿಕೊಂಡಿರುವ ಭಾವನವರ ಹಿಂಚಕ್ರ ಚಾಲನೆಯ ಎಸ್‌ಯುವಿ. ಅದರಲ್ಲಿ ಈ ಎರಡರ ಜೊತೆಗೆ ಹಿಂಬದಿಯ ಡಿಫರೆನ್ಶಿಯಲ್‌ಗೆ, ಅಂದರೆ ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಗೆ, ಯಾಂತ್ರಿಕ ಲಾಕ್ ಕೂಡ ಇದೆ. ಮೂರರ ತೂಕ, ಟೈರಿನ ಅಗಲ, ಎಂಜಿನ್ನಿನ ಶಕ್ತಿ ಎಲ್ಲವೂ ಬೇರೆ ಬೇರೆಯಾದ ಕಾರಣ ಇದನ್ನು ಪ್ರಯೋಗಾಲಯದ ಪರೀಕ್ಷೆಯಂತೆ ಓದಬಾರದು. ವೇಗ ಬೇಕಾದ ಪರೀಕ್ಷೆಗಳನ್ನು ದೇವನಹಳ್ಳಿಯ ಆಚೆ, ಇನ್ನೂ ಒಂದು ಮನೆಯೂ ಏಳದ ಬಡಾವಣೆಯ ಜಲ್ಲಿರಸ್ತೆಯಲ್ಲಿ, ಅಲ್ಲಿನವರ ಒಪ್ಪಿಗೆ ಪಡೆದು ಮಾಡಿದ್ದೇನೆ. ಜನ ಓಡಾಡುವ ರಸ್ತೆಯಲ್ಲಿ ಇಂಥದ್ದಕ್ಕೆ ಕೈ ಹಾಕುವುದು ಅಪರಾಧವೇ ಸರಿ.

ಟ್ರ್ಯಾಕ್ಷನ್ ಕಂಟ್ರೋಲ್‌ನ ಕೆಲಸ ಸೀಮಿತವಾದದ್ದು. ಪ್ರತಿ ಚಕ್ರದ ಬಳಿಯೂ ಎಬಿಎಸ್‌ಗಾಗಿಯೇ ಇರಿಸಿದ ವೇಗದ ಸೆನ್ಸರ್ ಇರುತ್ತದೆ. ಎಂಜಿನ್ನಿನ ಶಕ್ತಿ ಪಡೆಯುವ ಚಕ್ರವೊಂದು ಉಳಿದವುಗಳಿಗಿಂತ ಜೋರಾಗಿ ತಿರುಗತೊಡಗಿದರೆ ಅದು ನೆಲದ ಹಿಡಿತ ಕಳೆದುಕೊಂಡಿದೆ ಎಂದು ವ್ಯವಸ್ಥೆ ತಿಳಿಯುತ್ತದೆ. ಆಗ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ, ಇಲ್ಲವೇ ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕುತ್ತದೆ. ಸಾಮಾನ್ಯ ಡಿಫರೆನ್ಶಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚು ಬಲವನ್ನೇ ಕಳಿಸುವುದರಿಂದ, ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ತಿರುಗುವ ಚಕ್ರವನ್ನು ಬ್ರೇಕಿನಿಂದ ಹಿಡಿದಾಗ ಆ ತಡೆಯಷ್ಟೇ ಬಲ ಇನ್ನೊಂದು ಬದಿಗೂ ದಕ್ಕಿ ಕಾರು ಕದಲುತ್ತದೆ.

ಇದರ ಫಲ ನಗರದಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಮೆಟ್ರೊ ಕಾಮಗಾರಿಯ ಗುಂಡಿಗಳ ಮೇಲೆ ಹಾಸಿದ ಕಬ್ಬಿಣದ ತಗಡುಗಳು ಮಳೆಯಲ್ಲಿ ನೆನೆದಾಗ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮೇಲೆ ಬರುವ ಕಡಿದಾದ ಇಳಿಜಾರಿನಲ್ಲಿ ನೀರು ಹರಿಯುತ್ತಿದ್ದಾಗ, ಹ್ಯಾಚ್‌ಬ್ಯಾಕಿನ ಮುಂದಿನ ಚಕ್ರ ಕಿರುಗುಟ್ಟಿ ಜಾರುತ್ತದೆ. ಕ್ಲಚ್ಚನ್ನು ನಯವಾಗಿ ಬಿಟ್ಟು, ಆಕ್ಸಿಲರೇಟರನ್ನು ಅರ್ಧಕ್ಕೇ ನಿಲ್ಲಿಸುವ ಅಭ್ಯಾಸ ಚಾಲಕನಿಗೆ ಇರಬೇಕು. ಅದೇ ಜಾಗದಲ್ಲಿ ಸೆಡಾನಿನ ಡ್ಯಾಶ್‌ಬೋರ್ಡಿನಲ್ಲಿ, ಹಿಂದೆ ಅಂಕುಡೊಂಕು ಗೆರೆಗಳಿರುವ ಕಾರಿನ ಚಿತ್ರದ ಹಳದಿ ದೀಪ ಒಮ್ಮೆ ಮಿನುಗಿ, ಕಾರು ಸದ್ದಿಲ್ಲದೆ ಹತ್ತುತ್ತದೆ. ಅನುಕೂಲವೇನೋ ಹೌದು, ಆದರೆ ಜೀವ ಉಳಿಸುವಂಥದ್ದೇನೂ ಅಲ್ಲ. ನುರಿತ ಚಾಲಕರು ಇದಿಲ್ಲದೆಯೂ ಹತ್ತಿಸುತ್ತಾರೆ.

ತೋಟದ ಕೆಂಪು ಮಣ್ಣಿನಲ್ಲಿ ಲೆಕ್ಕ ತಲೆಕೆಳಗಾಯಿತು. ಮಳೆ ಬಿದ್ದ ಮರುದಿನ ಸೆಡಾನಿನ ಎರಡೂ ಮುಂಚಕ್ರಗಳು ಕೆಸರಿಗಿಳಿದಾಗ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಉಸಿರನ್ನೇ ಕಟ್ಟಿಬಿಟ್ಟಿತು. ಎಷ್ಟು ಒತ್ತಿದರೂ ಆರ್‌ಪಿಎಂ ಏರಲಿಲ್ಲ. ಗುಂಡಿ ಒತ್ತಿ ಅದನ್ನು ಆರಿಸಿದ ಮೇಲೆ ಚಕ್ರಗಳು ಸ್ವಲ್ಪ ತಿರುಗಿ, ಮೇಲಿನ ಕೆಸರನ್ನು ಕೊಡವಿ, ಅಡಿಯ ಗಟ್ಟಿ ಮಣ್ಣನ್ನು ಹಿಡಿದು ಹೊರಬಂದವು. ಹ್ಯಾಚ್‌ಬ್ಯಾಕ್ ಹಗುರವಾದ್ದರಿಂದ ಗುಂಡಿ ಒತ್ತುವ ತಂಟೆಯಿಲ್ಲದೆ ಒದ್ದಾಡಿಕೊಂಡು ಬಂತು. ಎಸ್‌ಯುವಿಗೆ ಇದು ಲೆಕ್ಕಕ್ಕೇ ಇರಲಿಲ್ಲ. ಹಿಂದಿನ ಎರಡು ಚಕ್ರಗಳ ವೇಗದಲ್ಲಿ ದೊಡ್ಡ ಅಂತರ ಬಿದ್ದೊಡನೆ ಲಾಕ್ ತಾನಾಗಿ ಕಚ್ಚಿ ಎರಡನ್ನೂ ಒಟ್ಟಿಗೇ ತಿರುಗಿಸಿತು. ಅಡಿಯಲ್ಲಿ ಕಟಕ್ಕೆಂದ ಸದ್ದೊಂದೇ ಅದರ ಸುಳಿವು. ಬ್ರೇಕಿನ ಮೂಲಕ ನಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬಹಳ ಹೊತ್ತು ಕೆಲಸ ಮಾಡಿದರೆ ಬ್ರೇಕು ಕಾಯುತ್ತದೆ, ಕಾದಾಗ ವ್ಯವಸ್ಥೆ ತಾನೇ ಹಿಂದೆ ಸರಿಯುತ್ತದೆ; ಯಾಂತ್ರಿಕ ಲಾಕಿಗೆ ಆ ತೊಂದರೆಯಿಲ್ಲ. ತೋಟ, ಹೊಲ ಇರುವವರು ಲಾಕ್ ಇರುವ ಗಾಡಿಗೆ ಹೆಚ್ಚು ಹಣ ಕೊಟ್ಟರೆ ಅದು ದಂಡವಲ್ಲ. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗಿಬರುವವರಿಗೆ ಅದರ ಅಗತ್ಯ ನನಗೆ ತೋರುವುದಿಲ್ಲ.

ಇಎಸ್‌ಸಿಯ ವಿಷಯ ಇದಕ್ಕಿಂತ ಆಳವಾದದ್ದು. ಟ್ರ್ಯಾಕ್ಷನ್ ಕಂಟ್ರೋಲ್ ಚಕ್ರದ ಮೇಲೆ ಕಣ್ಣಿಟ್ಟರೆ ಇದು ಇಡೀ ಕಾರಿನ ಮೇಲೆ ಕಣ್ಣಿಡುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರಿನಿಂದ ಚಾಲಕನ ಮನಸ್ಸಿನಲ್ಲಿರುವ ದಾರಿಯನ್ನೂ, ಕಾರು ತನ್ನ ಲಂಬ ಅಕ್ಷದ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆತವಿದೆ ಎಂದು ಅಳೆಯುವ ಸೆನ್ಸರುಗಳಿಂದ ಕಾರು ನಿಜವಾಗಿ ಹೋಗುತ್ತಿರುವ ದಾರಿಯನ್ನೂ ತಿಳಿದು, ಸೆಕೆಂಡಿಗೆ ಹತ್ತಾರು ಬಾರಿ ಎರಡನ್ನೂ ಹೋಲಿಸುತ್ತದೆ. ಇವು ಬೇರೆಯಾದೊಡನೆ, ಚಾಲಕ ಬ್ರೇಕು ಮುಟ್ಟದಿದ್ದರೂ, ಹೈಡ್ರಾಲಿಕ್ ಪಂಪು ಒಂದೇ ಒಂದು ಚಕ್ರಕ್ಕೆ ಒತ್ತಡ ಕಳಿಸುತ್ತದೆ. ಬಲ ತಿರುವಿನಲ್ಲಿ ಕಾರು ತಿರುಗದೆ ನೇರಕ್ಕೆ ನುಗ್ಗಿದರೆ ಒಳಬದಿಯ ಹಿಂದಿನ ಚಕ್ರಕ್ಕೆ, ಅಂದರೆ ಬಲ ಹಿಂಚಕ್ರಕ್ಕೆ, ಬ್ರೇಕು ಬೀಳುತ್ತದೆ; ಅದೇ ತಿರುವಿನಲ್ಲಿ ಬಾಲ ಹೊರಗೆ ಬೀಸಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ಅಂದರೆ ಎಡ ಮುಂಚಕ್ರಕ್ಕೆ, ಬೀಳುತ್ತದೆ. ಜೋಡೆತ್ತುಗಳಲ್ಲಿ ಒಂದರ ಹಗ್ಗ ಜಗ್ಗಿದರೆ ಗಾಡಿ ಆ ಕಡೆಗೆ ಹೊರಳುವಂತೆ, ತಡೆ ಬಿದ್ದ ಬದಿಗೆ ಕಾರಿನ ಮೂತಿ ಹೊರಳುತ್ತದೆ. ಜೊತೆಗೆ ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ.

ಜಲ್ಲಿರಸ್ತೆಯಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು, ಗಂಟೆಗೆ 50 ಕಿ.ಮೀ. ಆಸುಪಾಸಿನ ವೇಗದಲ್ಲಿ, ಎದುರಿಗೆ ಹಸು ಬಂದಾಗ ಮಾಡುವಂತೆ ಪಕ್ಕಕ್ಕೆಳೆದು ಮತ್ತೆ ಮೊದಲಿನ ಸಾಲಿಗೆ ತರುವ ಪರೀಕ್ಷೆ ಮಾಡಿದೆ. ಹ್ಯಾಚ್‌ಬ್ಯಾಕ್ ಮೊದಲ ಎಳೆತವನ್ನು ಸಹಿಸಿತು. ವಾಪಸ್ ತಿರುಗಿಸುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದದ್ದರಿಂದ ಭಾರ ಮುಂದಕ್ಕೆ ಸರಿದು, ಹಗುರವಾದ ಹಿಂಭಾಗ ಹೊರಗೆ ಬೀಸಿತು. ವಿರುದ್ಧ ದಿಕ್ಕಿಗೆ ಸ್ಟೀರಿಂಗ್ ತಿರುಗಿಸಿ ಹಿಡಿಯಬೇಕಾಯಿತು. ಮುಂಚೆಯೇ ಸಿದ್ಧನಾಗಿದ್ದ ನನಗೆ ಅದು ಸಾಧ್ಯವಾಯಿತೇ ಹೊರತು, ನಿದ್ದೆಗಣ್ಣಿನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುತ್ತಿರುವವರಿಗೆ ಆಗುತ್ತದೆಂದು ನಂಬಲಾರೆ. ಎಬಿಎಸ್ ಇಲ್ಲಿ ಏನೂ ಮಾಡಲಿಲ್ಲ, ಮಾಡಬೇಕಾದದ್ದೂ ಇರಲಿಲ್ಲ: ಬ್ರೇಕು ಒತ್ತದಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಸೆಡಾನಿನಲ್ಲಿ ಬಾಲ ಬೀಸುವುದು ಶುರುವಾಗುತ್ತಿದ್ದಂತೆ ಕಾಲಡಿಯಲ್ಲಿ ಗರಗರ ಸದ್ದು, ಒಂದು ಮೂಲೆಯಿಂದ ಯಾರೋ ಹಿಡಿದೆಳೆದಂಥ ಅನುಭವ, ಮಿನುಗುವ ದೀಪ, ಅಷ್ಟರಲ್ಲಿ ಕಾರು ಸಾಲಿಗೆ ಬಂದಿತ್ತು. ಎಸ್‌ಯುವಿ ಎತ್ತರವಾದದ್ದರಿಂದ ಹೆಚ್ಚು ವಾಲಿತು, ಇಎಸ್‌ಸಿ ಇನ್ನೂ ಬೇಗ, ಇನ್ನೂ ಒರಟಾಗಿ ಬ್ರೇಕು ಹಾಕಿತು. ಅದನ್ನು ಆರಿಸಿ ಇದೇ ಪರೀಕ್ಷೆ ಮಾಡುವ ಧೈರ್ಯಕ್ಕೆ ನಾನು ಹೋಗಲಿಲ್ಲ, ಭಾವನವರೂ ಬಿಡುತ್ತಿರಲಿಲ್ಲ.

ಎತ್ತರದ ಕಾರಿಗೆ ಇದು ಎಷ್ಟು ಮುಖ್ಯವೆಂಬುದಕ್ಕೆ 1997ರ ಪ್ರಸಂಗವೇ ಸಾಕ್ಷಿ. ಬಾಷ್ ಕಂಪನಿಯ ಇಎಸ್‌ಪಿ (ಇಎಸ್‌ಸಿಗೇ ಇನ್ನೊಂದು ಹೆಸರು) 1995ರಲ್ಲಿ ಮೊದಲು ಬಂದದ್ದು ಮರ್ಸಿಡಿಸ್‌ನ ದುಬಾರಿ ಎಸ್ ಕ್ಲಾಸ್ ಕೂಪೆಯಲ್ಲಿ. ಎರಡು ವರ್ಷಗಳ ಬಳಿಕ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ, ನಾನು ಮಾಡಿದಂಥದ್ದೇ ಆದರೆ ಹೆಚ್ಚು ವೇಗದ, ಪರೀಕ್ಷೆಯಲ್ಲಿ ಅದೇ ಕಂಪನಿಯ ಪುಟ್ಟ ಎತ್ತರದ ಎ ಕ್ಲಾಸ್ ಮಗುಚಿಬಿತ್ತು. ಆಮೇಲೆ ಆ ಮಾದರಿಯ ಎಲ್ಲ ಕಾರುಗಳಿಗೂ ಇಎಸ್‌ಪಿ ಹಾಕಲಾಯಿತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಶುರುವಾದ, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಮೂರು ಸ್ಟಾರ್ ಮತ್ತು ಅದಕ್ಕೂ ಮೇಲಿನ ಅಂಕಕ್ಕೆ ಇಎಸ್‌ಸಿ ಇರಲೇಬೇಕೆಂದು ಹೇಳಿದ್ದು, ಕಡಿಮೆ ಬೆಲೆಯ ಕಾರುಗಳಿಗೂ ಇದು ಬರಲು ಒಂದು ಕಾರಣವಾಯಿತು.

ಇದರ ಮಿತಿ ನಂದಿ ಬೆಟ್ಟದ ಇಳಿಜಾರಿನ ಹಿಮ್ಮುರಿ ತಿರುವುಗಳಲ್ಲಿ ಅರಿವಾಗುತ್ತದೆ. ಇಎಸ್‌ಸಿ ಹೊಸದಾಗಿ ಹಿಡಿತವನ್ನು ಸೃಷ್ಟಿಸುವುದಿಲ್ಲ, ಟೈರಿನಲ್ಲಿ ಇರುವ ಹಿಡಿತವನ್ನು ಹಂಚುತ್ತದೆ, ಅಷ್ಟೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ತಿರುವಿಗೆ ಬರುವ ಮುಂಚೆಯೇ ವೇಗ ಮಿತಿಮೀರಿದ್ದರೆ ಯಾವ ಬ್ರೇಕೂ ಕಾಪಾಡುವುದಿಲ್ಲ. ಕಾನೂನು ಕಾರಿನ ಟೈರಿನ ಗೀರಿಗೆ ಕನಿಷ್ಠ 1.6 ಮಿ.ಮೀ. ಆಳ ಕೇಳುತ್ತದೆ, ಆ ಮಟ್ಟಕ್ಕೆ ಸವೆಯುವವರೆಗೂ ಓಡಿಸುವವರು ಇಎಸ್‌ಸಿ ಇದೆಯೆಂದು ನೆಮ್ಮದಿಯಿಂದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಹೊಸ ಟೈರಿನ ಹ್ಯಾಚ್‌ಬ್ಯಾಕು ಸವೆದ ಟೈರಿನ ಸೆಡಾನಿಗಿಂತ ನೆನೆದ ರಸ್ತೆಯಲ್ಲಿ ಬೇಗ ನಿಂತೀತು.

ಹೀಗಾಗಿ ನಗರದವರಿಗೆ ನನ್ನ ಆಯ್ಕೆ ಸ್ಪಷ್ಟ: ಸನ್‌ರೂಫ್ ಇರುವ, ಇಎಸ್‌ಸಿ ಇಲ್ಲದ ಕಾರಿಗಿಂತ ಇಎಸ್‌ಸಿ ಇರುವ ಬೇಸ್ ವೇರಿಯಂಟ್ ಮೇಲು. ಮೆಚ್ಚಿದ ಮಾದರಿಯಲ್ಲಿ ಟಾಪ್ ಎಂಡ್‌ಗೆ ಮಾತ್ರ ಇಎಸ್‌ಸಿ ಕೊಟ್ಟಿದ್ದರೆ, ಎಲ್ಲ ವೇರಿಯಂಟುಗಳಿಗೂ ಕೊಡುವ ಇನ್ನೊಂದು ಕಂಪನಿಯ ಕಾರನ್ನು ನೋಡುವುದು ಜಾಣತನ. ಕಂಪನಿಗೊಂದು ಹೆಸರಿನಲ್ಲಿ, ಇಎಸ್‌ಪಿ, ವಿಎಸ್‌ಸಿ, ಡಿಎಸ್‌ಸಿ ಎಂದು ಬರೆದಿದ್ದರೂ ಅವು ಇದೇ ವ್ಯವಸ್ಥೆ. ಎಬಿಎಸ್ ಜೊತೆಗೆ ಬರೆಯುವ ಇಬಿಡಿ ಮಾತ್ರ ಬೇರೆಯದು, ಅದು ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ಲೆಕ್ಕ. ಟೆಸ್ಟ್ ಡ್ರೈವಿಗೆ ಹೋದಾಗ ಇಗ್ನಿಷನ್ ಆನ್ ಮಾಡಿ ಡ್ಯಾಶ್‌ಬೋರ್ಡ್ ನೋಡಿ: ಅಂಕುಡೊಂಕು ಗೆರೆಗಳ ದೀಪ ಕೆಲವು ಸೆಕೆಂಡು ಬೆಳಗಿ ಆರಬೇಕು. ಓಡುವಾಗ ಅದು ಮಿನುಗಿದರೆ ಕೆಲಸ ಮಾಡುತ್ತಿದೆ ಎಂದರ್ಥ. ಗುಂಡಿ ಒತ್ತದೆಯೂ ಉರಿಯುತ್ತಲೇ ಇದ್ದರೆ ಚಕ್ರದ ಸೆನ್ಸರನ್ನೋ, ವೀಲ್ ಅಲೈನ್‌ಮೆಂಟ್ ಆದಮೇಲೆ ಸ್ಟೀರಿಂಗ್ ಸೆನ್ಸರನ್ನೋ ಸರಿಪಡಿಸಿಕೊಳ್ಳಬೇಕು.