ಫ್ರಾಂಕ್‌ಫರ್ಟ್ ಸ್ಟೇಷನ್ ಹತ್ತಿರ ಯಾರಾದರೂ 'ಪೊಲೀಸ್' ಅಂದರೆ ಪರ್ಸ್ ತೆಗೆಯಬೇಡಿ

ಜರ್ಮನಿಗೆ ಹೊರಟವರು, ಅದರಲ್ಲೂ ಮಗನನ್ನೋ ಮಗಳನ್ನೋ ನೋಡಲು ಹೋಗುವ ಅಪ್ಪ ಅಮ್ಮಂದಿರು, ಇದನ್ನು ಓದಿಕೊಂಡೇ ವಿಮಾನ ಹತ್ತಿ. ಮಫ್ತಿಯಲ್ಲಿರುವವರು ರಸ್ತೆಯಲ್ಲಿ ತಡೆದು "ಪೊಲೀಸ್, ನಿಮ್ಮ ದುಡ್ಡು ಚೆಕ್ ಮಾಡಬೇಕು" ಅಂದರೆ ಪರ್ಸ್ ಕೊಡಬೇಡಿ. ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ದಿನವೇ ನಮ್ಮ 400 ಯೂರೊ ಹೀಗೆ ಹೋಯಿತು.

ನಾವು ಇಳಿದಿದ್ದು ಭಾನುವಾರ. ಏರ್‌ಪೋರ್ಟ್‌ನಿಂದ ಲೋಕಲ್ ರೈಲಿನಲ್ಲಿ ಮುಖ್ಯ ಸ್ಟೇಷನ್ನಿಗೆ ಕಾಲು ಗಂಟೆ ಸಾಕು. ಹೋಟೆಲ್ ಸ್ಟೇಷನ್ ಎದುರಿನ ಅಡ್ಡರಸ್ತೆಯಲ್ಲಿತ್ತು. 'ಊರಿನ ನಟ್ಟನಡುವೆ' ಅಂತ ಹಾಕಿಕೊಂಡಿದ್ದರು. ಅದು ಸುಳ್ಳಲ್ಲ. ಆದರೆ ಆ ಏರಿಯಾ, ಬಾನ್‌ಹೋಫ್ಸ್‌ಫಿಯರ್ಟೆಲ್, ಡ್ರಗ್ಸ್ ಮತ್ತು ವೇಶ್ಯಾವಾಟಿಕೆಗೆ ಜರ್ಮನಿಯಲ್ಲೆಲ್ಲ ಹೆಸರಾದದ್ದು ಅಂತ ಎಲ್ಲೂ ಬರೆದಿರಲಿಲ್ಲ. ಟೌನಸ್‌ಸ್ಟ್ರಾಸೆ, ನಿಡ್ಡಾಸ್ಟ್ರಾಸೆ ಕಡೆ ಹಾಡಹಗಲೇ ಫುಟ್‌ಪಾತ್ ಮೇಲೆ ಕೂತು ಸೇದುವವರು ಕಾಣುತ್ತಾರೆ. ನೋಡಿ ನನಗೆ ಎದೆ ಧಸಕ್ಕೆಂದಿತು. ಪಾಪ, ಅವರು ಯಾರೂ ನಮ್ಮ ತಂಟೆಗೆ ಬರಲಿಲ್ಲ. ದುಡ್ಡು ಹೊಡೆದವರು ಇಸ್ತ್ರಿ ಮಾಡಿದ ಶರ್ಟಿನವರು.

ಹಳೇ ಊರಿನ ನಡುವಿರುವ ರೋಮರ್‌ಬರ್ಗ್ ಚೌಕ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ಇಲ್ಲ, ನಡೆದೇ ಹೋಗೋಣ ಅಂದರು ನಮ್ಮೆಜಮಾನ್ರು. ಕೈಸರ್‌ಸ್ಟ್ರಾಸೆ ಹಿಡಿದು ಹೊರಟೆವು. ಎದುರಿಗೆ ಬ್ಯಾಂಕುಗಳ ಗಾಜಿನ ಕಟ್ಟಡಗಳು. ಕಾಮರ್ಜ್‌ಬ್ಯಾಂಕ್ ಟವರ್ ಒಂದೇ 259 ಮೀಟರ್ ಎತ್ತರ. ಕತ್ತೆತ್ತಿ ನೋಡುತ್ತಾ, ಫೋಟೊ ತೆಗೆಯುತ್ತಾ ನಿಂತಿದ್ದೆವು. ಹೊಸಬರು ಅಂತ ಗುರುತು ಹಿಡಿಯಲು ಇನ್ನೇನು ಬೇಕು?

ಒಬ್ಬ ಮ್ಯಾಪ್ ಹಿಡಿದು ಬಂದು ಇಂಗ್ಲಿಷಿನಲ್ಲಿ ದಾರಿ ಕೇಳಿದ. ಈಗ ಕಾಗದದ ಮ್ಯಾಪ್ ಹಿಡಿದು ಯಾರು ಓಡಾಡುತ್ತಾರೆ ಹೇಳಿ! ನಾವೂ ಹೊಸಬರೇ ಅಂತ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಇಬ್ಬರು ಬಂದರು. ಕಾರ್ಡೊಂದನ್ನು ಫಟ್ ಅಂತ ತೋರಿಸಿ ಮಡಚಿದರು. "ಪೊಲೀಸ್. ಇಲ್ಲಿ ಡ್ರಗ್ಸ್ ವ್ಯವಹಾರ ನಡೀತಿದೆ. ಪಾಸ್‌ಪೋರ್ಟ್, ದುಡ್ಡು ತೋರಿಸಿ." ಮ್ಯಾಪಿನವನು ಏನೂ ಮಾತಾಡದೆ ತನ್ನ ಪರ್ಸ್ ಕೊಟ್ಟ. ಅವರು ನೋಟು ಮೂಸಿ ನೋಡಿ ವಾಪಸ್ ಕೊಟ್ಟರು. ಆಮೇಲೆ ನಮ್ಮ ಸರದಿ. ನಮ್ಮವರ ಪರ್ಸಿನ ನೋಟುಗಳನ್ನೂ ಮೂಸಿದರು, ಎಣಿಸಿದರು, ಮಡಚಿ ಕೈಗಿಟ್ಟರು. ಪಾಸ್‌ಪೋರ್ಟ್ ಮುಟ್ಟಲೂ ಇಲ್ಲ. ಥ್ಯಾಂಕ್ಯೂ ಬೇರೆ ಹೇಳಿದರು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಗೊತ್ತಾಗಿದ್ದು ರೋಮರ್‌ಬರ್ಗ್‌ನಲ್ಲಿ ಕಾಫಿಗೆ ದುಡ್ಡು ಕೊಡುವಾಗ. ಐವತ್ತರ ನೋಟು ಒಂದೂ ಇಲ್ಲ, ಹತ್ತರವು ಮಾತ್ರ ಇವೆ. ಆ ಚೌಕದ ಮರದ ಚೌಕಟ್ಟಿನ ಮನೆಗಳ ಸಾಲು 1944ರ ಬಾಂಬ್ ದಾಳಿಯಲ್ಲಿ ನಾಶವಾಗಿ 1980ರ ದಶಕದಲ್ಲಿ ಮತ್ತೆ ಎದ್ದದ್ದು ಅಂತ ಓದಿಕೊಂಡು ಹೋಗಿದ್ದೆ. ನೋಡುವ ಮನಸ್ಸೇ ಉಳಿಯಲಿಲ್ಲ.

ಠಾಣೆಗೆ ಹೋದೆವು. ಇಂಗ್ಲಿಷಿನಲ್ಲೇ ಮಾತಾಡಿಸಿದರು. ನಾವು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಆ ಅಧಿಕಾರಿಯೇ ಹೇಳಿದರು. ಮ್ಯಾಪಿನವನೂ ಅದೇ ಗುಂಪಿನವನಂತೆ. ಅವನು ಮೊದಲು ಪರ್ಸ್ ಕೊಡುವುದು ನಮಗೆ ನಂಬಿಕೆ ಬರಲಿ ಅಂತ.

ಇದರಲ್ಲಿ ಒಂದು ತೊಡಕಿದೆ. ಜರ್ಮನಿಯಲ್ಲಿ ಮಫ್ತಿ ಪೊಲೀಸರು ನಿಜವಾಗಿಯೂ ಇದ್ದಾರೆ, ಪಾಸ್‌ಪೋರ್ಟ್ ಕೇಳುವ ಹಕ್ಕೂ ಅವರಿಗಿದೆ. ಹಾಗಾಗಿ ಜಗಳ ಆಡಬೇಡಿ, ಓಡಬೇಡಿ. ಗುರುತಿನ ಚೀಟಿಯನ್ನು ಸಮಾಧಾನವಾಗಿ ಓದಲು ಕೇಳಿ. ಅನುಮಾನ ಬಂದರೆ ಅವರ ಎದುರಿಗೇ ನಿಮ್ಮ ಫೋನಿನಿಂದ 110ಕ್ಕೆ ಕರೆ ಮಾಡಿ, ಅದು ಅಲ್ಲಿನ ಪೊಲೀಸ್ ನಂಬರ್, ದುಡ್ಡು ಬೀಳುವುದಿಲ್ಲ. ಅಸಲಿಯಾದರೆ ಕಾಯುತ್ತಾರೆ. ಇಲ್ಲವೇ ಜನ ಇರುವ ಅಂಗಡಿಯೊಳಗೋ ಹೋಟೆಲಿನೊಳಗೋ ನಡೆದುಬಿಡಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ ಅನ್ನುವುದೂ ನೆನಪಿರಲಿ. ಸ್ಟೇಷನ್ ಒಳಗಿನವು ತೆರೆದಿರುತ್ತವೆ.

ನಗದು ಇಲ್ಲದೆ ಹೋಗಿ ಅಂತ ಹೇಳಲಾರೆ. ಎಷ್ಟೋ ಸಣ್ಣ ಬೇಕರಿ, ಕೆಫೆಗಳಲ್ಲಿ ಈಗಲೂ ಕಾರ್ಡ್ ನಡೆಯುವುದಿಲ್ಲ. ಪಬ್ಲಿಕ್ ಟಾಯ್ಲೆಟ್ಟಿಗೂ ಚಿಲ್ಲರೆ ಬೇಕಾಗುತ್ತದೆ. ಪರ್ಸಿನಲ್ಲಿ ಆ ದಿನದ ಖರ್ಚಿಗಷ್ಟು ಇಟ್ಟು, ಉಳಿದದ್ದನ್ನು ಬೇರೆ ಕಡೆ ಇಡಿ. ನಾವೀಗ ಹಾಗೇ ಮಾಡುತ್ತೇವೆ. ಇನ್ನು ಹೋಟೆಲ್ ಬುಕ್ ಮಾಡುವಾಗ ರೇಟಿನ ಜೊತೆ ರಸ್ತೆಯ ಹೆಸರನ್ನೂ ಹುಡುಕಿ ನೋಡಿ. ನದಿಯ ಆಚೆ ದಡದ ಝಾಕ್ಸನ್‌ಹೌಸನ್ ಕಡೆ ಸಿಕ್ಕರೆ ನಾನಂತೂ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅಲ್ಲೇ ಇಳಿದುಕೊಳ್ಳುತ್ತೇನೆ.

ಅಕಸ್ಮಾತ್ ದುಡ್ಡು ಹೋಗಿಬಿಟ್ಟರೆ ಅವತ್ತೇ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ನಮ್ಮ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ನಗದು ಕಳವಿಗೆ ಪರಿಹಾರ ಇರಲಿಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ.