ಅಮೆರಿಕದ ಜೀಪು, ಮಂಡ್ಯದ ಟ್ರೈಲರ್: ದೀಪದ ವೈರಿಂಗ್‌ಗೆ ಮೂರು ದಾರಿ

ನಮ್ಮ ಮನೆಯ ಹಳೇ ಸಿಜೆ-5 ಜೀಪು ಎಡಗಡೆ ಸ್ಟೀರಿಂಗಿನದು. ಆಲೆಮನೆಯಿಂದ ಬೆಲ್ಲ ಸಾಗಿಸಲು ಅದರ ಹಿಂದೆ ಮಂಡ್ಯದಲ್ಲೇ ಮಾಡಿಸಿದ ಸಣ್ಣ ಟ್ರೈಲರ್ ಕಟ್ಟುತ್ತೇವೆ. ಎರಡೂ 12 ವೋಲ್ಟಿನವೇ. ತೊಡಕು ಇರುವುದು ದೀಪಗಳಲ್ಲಿ. ಜೀಪಿನ ಹಿಂದೆ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ಬಲ್ಬು. ನಮ್ಮಲ್ಲಿ ಬ್ರೇಕ್ ಕೆಂಪು, ಇಂಡಿಕೇಟರ್ ಹಳದಿ, ಎರಡೂ ಬೇರೆ ಬೇರೆ. ಜೀಪಿನಲ್ಲಿ ಎರಡಕ್ಕೂ ಒಂದೇ ಬಲ್ಬು ಇರುವುದರಿಂದ ಅಮೆರಿಕದ ನಾಲ್ಕು ವೈರಿನ ಸಾಕೆಟ್ಟಿನಲ್ಲಿ ಹಳದಿ ವೈರು ಎಡ ಇಂಡಿಕೇಟರಿನ ಜೊತೆ ಬ್ರೇಕನ್ನೂ ಹೊರುತ್ತದೆ, ಹಸಿರು ವೈರು ಬಲಗಡೆಗೆ ಅದನ್ನೇ ಮಾಡುತ್ತದೆ. ಕಂದು ಟೈಲ್ ಲೈಟಿಗೆ, ಬಿಳಿ ಅರ್ತಿಗೆ, ಅಂದರೆ ಕರೆಂಟ್ ವಾಪಸಾಗುವ ದಾರಿಗೆ.

ಮೊದಲು ಗ್ಯಾರೇಜಿನಲ್ಲೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಜೋಡಿಸಿ ನೋಡಿದೆವು. ಎರಡೂ ವೈರಿಗೆ ಕರೆಂಟ್ ಬಂದರೆ ಬ್ರೇಕ್, ಒಂದಕ್ಕೇ ಬಂದರೆ ಆ ಕಡೆಯ ಇಂಡಿಕೇಟರ್ ಅನ್ನುವ ಲೆಕ್ಕ. ಖರ್ಚು ಕಡಿಮೆ. ಬ್ರೇಕ್ ಒತ್ತಿದಾಗಲೂ ಸರಿ, ಇಂಡಿಕೇಟರ್ ಹಾಕಿದಾಗಲೂ ಸರಿ. ಎರಡನ್ನೂ ಒಟ್ಟಿಗೆ ಮಾಡಿ ಎಡಕ್ಕೆ ಸಿಗ್ನಲ್ ಕೊಟ್ಟೆ, ಹಿಂದೆ ನಿಂತಿದ್ದ ತಮ್ಮ ಕೂಗಿದ: "ಅಣ್ಣೋ, ಬಲಗಡೇದು ಹತ್ಕೊತಾ ಅದೆ ಕಣಣ್ಣ!"

ಕಾರಣ ಹೀಗೆ. ಬ್ರೇಕ್ ಒತ್ತಿರುವಾಗ ಬಲಗಡೆ ವೈರಿನಲ್ಲಿ ಕರೆಂಟ್ ಸದಾ ಇರುತ್ತದೆ, ಎಡಗಡೆಯದು ಬಂದು ಹೋಗುತ್ತದೆ. ಎಡದ್ದು ಆರಿದ ಕ್ಷಣ ಬಲದ್ದೊಂದೇ ಉಳಿಯುವುದರಿಂದ ರಿಲೇ ಅದನ್ನು ಬಲ ಇಂಡಿಕೇಟರ್ ಎಂದೇ ತಿಳಿಯುತ್ತದೆ. ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತಿಯೇ ತಿರುಗಿಸುವುದು. ಕಬ್ಬಿನ ಗಾಡಿ, ಬೈಕುಗಳ ನಡುವೆ ರಾತ್ರಿ ಹೊತ್ತು ತಪ್ಪು ಕಡೆ ಮಿಣುಕುವ ದೀಪ, ದೀಪವೇ ಇಲ್ಲದ್ದಕ್ಕಿಂತ ಅಪಾಯ. ಇದನ್ನು ಯಾರೂ ಹಾಕಿಸಬೇಡಿ.

ಎರಡನೆಯದು ಬೆರೆತ ಬ್ರೇಕ್, ಇಂಡಿಕೇಟರ್ ಸಿಗ್ನಲನ್ನು ಬಿಡಿಸಿಕೊಡುವ ಎಲೆಕ್ಟ್ರಾನಿಕ್ ಕನ್ವರ್ಟರ್ ಡಬ್ಬಿ. ಇದು ಮಿಣುಕಿನ ಲಯ ಗಮನಿಸಿ ತೀರ್ಮಾನಿಸುತ್ತದೆ, ಆದ್ದರಿಂದ ಕಡೆ ತಪ್ಪಲಿಲ್ಲ. ಆದರೆ ಬ್ರೇಕ್ ಮೇಲೆ ಕಾಲಿಟ್ಟೇ ಇಂಡಿಕೇಟರ್ ಹಾಕಿದರೆ ಹಳದಿ ದೀಪ ತುಸು ತಡವಾಗಿ ಹೊತ್ತುತ್ತಿತ್ತು. ಬ್ಯಾಟರಿಯಿಂದ ನೇರ ಕರೆಂಟ್ ತೆಗೆದುಕೊಳ್ಳುವ ಡಬ್ಬಿಯನ್ನೇ ಕೊಳ್ಳಿ. ಒಂದು 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಎರಡು ಬ್ರೇಕ್ ಬಲ್ಬಿಗೆ 3.5. ಹಳೇ ವೈರು, ಹಳೇ ಸ್ವಿಚ್ಚಿನ ಮೇಲೆ ಆ ಭಾರ ಹೊರಿಸಬಾರದು.

ಈಗ ಜೀಪಿನಲ್ಲಿ ಇರುವುದು ಮೂರನೆಯದು, ನನಗೆ ಪೂರ್ತಿ ಒಪ್ಪಿಗೆಯಾದದ್ದು. ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ ಬರುವ ಕರೆಂಟ್ ಇಂಡಿಕೇಟರ್ ಸ್ವಿಚ್ಚಿನೊಳಗೆ ಹೋದ ಮೇಲಷ್ಟೇ ಎರಡೂ ಬೆರೆಯುವುದು. ಬೆರೆಯುವ ಮುಂಚೆಯೇ ಹಿಡಿದರೆ ಆಮೇಲೆ ಬಿಡಿಸುವ ಪ್ರಮೇಯವೇ ಇಲ್ಲ. ಬ್ರೇಕನ್ನು ಪೆಡಲ್ ಸ್ವಿಚ್ಚಿನ ಬುಡದಲ್ಲೇ ತೆಗೆದುಕೊಂಡೆವು. ಎಡ, ಬಲಕ್ಕೆ ಮುಂದಿನ ಇಂಡಿಕೇಟರಿನ ವೈರು, ಏಕೆಂದರೆ ಅಲ್ಲಿ ಬ್ರೇಕಿನ ಸುಳಿವಿರುವುದಿಲ್ಲ. ಮೂರಕ್ಕೂ ಒಂದೊಂದು ರಿಲೇ, ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಹಾಕಿದ ಬೇರೆ ವೈರು. ಟ್ರೈಲರ್ ಬಲ್ಬುಗಳ ಭಾರ ಫ್ಲ್ಯಾಶರಿಗೆ (ಇಂಡಿಕೇಟರನ್ನು ಮಿಣುಕಿಸುವ ಭಾಗಕ್ಕೆ) ತಗಲುವುದಿಲ್ಲ, ಮಿಣುಕಿನ ವೇಗವೂ ಬದಲಾಗಲಿಲ್ಲ. ಬಿಸಿಯಿಂದ ಕೆಲಸ ಮಾಡುವ ಹಳೇ ಫ್ಲ್ಯಾಶರಿಗೆ ಹೆಚ್ಚು ಬಲ್ಬು ನೇರವಾಗಿ ಸೇರಿಸಿದರೆ ಅದು ಬೇಗ ಬೇಗ ಮಿಣುಕತೊಡಗುತ್ತದೆ.

ಡ್ಯಾಶಿನ ಕೆಳಗೆ ಮಲಗಿ ವೈರು ಹುಡುಕುವ ಕೆಲಸ ಜಾಸ್ತಿ, ಕೂಲಿಯೂ ಜಾಸ್ತಿ. ಆದರೂ ಇದೇ ಸರಿ. ಹೊಸ ಗಾಡಿಗಳಿಗೆ ಮಾತ್ರ ಬೇಡ: ಕೆಲವದರಲ್ಲಿ ಮುಂದಿನ ಇಂಡಿಕೇಟರೇ ಹಗಲು ದೀಪವಾಗಿ ಸದಾ ಉರಿಯುತ್ತದೆ, ಕೆಲವದರಲ್ಲಿ ಬಲ್ಬುಗಳನ್ನು ಕಂಪ್ಯೂಟರ್ ಗಮನಿಸುತ್ತಿರುತ್ತದೆ. ಅಂಥವಕ್ಕೆ ಆ ಮಾಡೆಲಿಗೇ ಮಾಡಿದ ಡಬ್ಬಿ ಹಾಕಿಸಿ.

ಟ್ರೈಲರ್ ಕಡೆಗೆ ಟ್ರ್ಯಾಕ್ಟರಿನಲ್ಲಿ ಸಿಗುವ ಏಳು ಪಿನ್ನಿನ ಸಾಕೆಟ್ ಹಾಕಿದೆವು. ಅದರ ಪಿನ್ನುಗಳ ಗುರುತು: ಎಲ್ ಎಡ, ಆರ್ ಬಲ, 54 ಬ್ರೇಕ್, 31 ಅರ್ತ್. ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. 31ಕ್ಕೆ ದಪ್ಪ ವೈರನ್ನೇ ಎಳೆಸಿ. ಕೊಂಡಿಯ ಕಬ್ಬಿಣದ ಮೂಲಕ ಅರ್ತ್ ಸಿಗುತ್ತದೆಂದು ಬಿಟ್ಟರೆ, ತುಕ್ಕು ಹಿಡಿದಾಗ ಬ್ರೇಕ್ ಒತ್ತಿದೊಡನೆ ಬೇರೆ ದೀಪಗಳೂ ಮಂಕಾಗಿ ಹೊತ್ತಬಹುದು.